ಒದ್ದೆ ಮಡಿಸಬಾರದು

ಜಾಲಿಂದರ್ ಮಾಮಾ ಹೇಳಿಕೊಟ್ಟದ್ದು ಮೂರೇ ಮಾತು:
ಬ್ಲೀಚಿಂಗ್ ಪುಡಿ ಹಾಕಬೇಡ,
ಹೊಟ್ಟೆ ಬಿಡಲು ಕೊಡಬೇಡ,
ಒದ್ದೆ ಇದ್ದಾಗ ಮಡಿಸಬೇಡ.
ನಾಲ್ಕನೆಯದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಚಹಾ ಬಂತು.

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕಿಳಿದರೆ ಎಡಕ್ಕೆ ಹದಿಮೂರು ಅಂಗಡಿ.
ಆರನೆಯದು ನನ್ನದು. ರಬ್ಬರ್ ಸ್ಟಾಂಪು, ಝೆರಾಕ್ಸು,
ತುರ್ತಿದ್ದರೆ ಹತ್ತು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೊ.
ಮುಂದೆ ಹಸಿರು ಬಿಳಿ ಪಟ್ಟೆಯ ಬಟ್ಟೆ,
ಹಿಡಿಕೆ ತಿರುವಿದರೆ ನರಳುತ್ತ ಚಾಚುವ ಎರಡು ಕಬ್ಬಿಣದ ಕೈ.
ಇಲ್ಲಿ ಎಲ್ಲರಿಗೂ ಅದು ತಾಡಪತ್ರಿ.
ಜಮಖಂಡಿಯಿಂದ ಬಂದ ಅಪ್ಪ ಮಾತ್ರ ಸಾಯುವತನಕ ಚಪ್ಪರ ಅನ್ನುತ್ತಿದ್ದ,
ದಿನಾ ಯಾರದೋ ಮದುವೆ ಇದ್ದ ಹಾಗೆ.

ಮೇ ಮುಗಿಯುವ ವಾರ ಮಾಮಾನ ಸೈಕಲ್ಲು.
ಹಿಂದೆ ಕೈಮಷಿನ್ನು, ಕಿವಿಯ ಮೇಲೆ ಬೀಡಿಯ ಜಾಗದಲ್ಲಿ ದಬ್ಬಣ.
ಮೇಣ ಸವರಿದ ದಾರವನ್ನು ಹಲ್ಲಲ್ಲಿ ಕಡಿದು
ಹಳೇ ಹೊಲಿಗೆಯ ಮೇಲೇ ಹೊಸ ಹೊಲಿಗೆ.
ಪಾರಿವಾಳದ ಹಿಕ್ಕೆ ಒಣಗಲಿ, ಆಮೇಲೆ ಕೆರೆ.
ಬೂಷ್ಟಿಗೆ ಮೆತ್ತನೆಯ ಬ್ರಷ್ಷು, ಉಗುರುಬೆಚ್ಚಗಿನ ನೀರು,
ಹಸುಗೂಸಿನ ನೆತ್ತಿ ತೊಳೆದ ಹಾಗೆ ತೊಳೆ.
ನನಗೆ ಹಸುಗೂಸಿನ ನೆತ್ತಿ ತೊಳೆದು ಗೊತ್ತಿಲ್ಲ.
ಹೇಳಲಿಲ್ಲ. ತೊಳೆದೆ.

ಮಳೆ ಬಿದ್ದ ಮೇಲೆ ಶುರು, ಯಾರ ನೀರು ಯಾರ ಮೇಲೆ ಎಂಬ ವ್ಯಾಜ್ಯ.
ನನ್ನ ಅಂಚಿನ ಧಾರೆ ವೇಲಜಿಭಾಯಿಯ ಗಾಂಠಿಯಾ ಡಬ್ಬಿಗೆ,
ವೇಲಜಿಭಾಯಿಯದು ಎಂಟನೆಯ ಅಂಗಡಿಯ ಪಂಚಾಂಗಗಳಿಗೆ,
ರಾಮಸುಚಿತನ ಇಸ್ತ್ರಿಯ ಇದ್ದಿಲಿಗೆ ಎಲ್ಲರದ್ದೂ.
ಬೈಗುಳ ಐದು ಭಾಷೆಯಲ್ಲಿ.
ಕೊನೆಗೆ ಯಾರೋ ಕೋಲು ತಂದು
ತುಂಬಿದ ಹೊಟ್ಟೆಯನ್ನು ಕೆಳಗಿಂದ ತಿವಿಯುವುದು,
ಇಡೀ ಸಾಲು ಒಂದೇ ಸಲಕ್ಕೆ ಹಿಂದೆ ಜಿಗಿಯುವುದು.

ನಾಲ್ಕನೆಯದು ಕುಂಞಾಲಿಯ ಬ್ಯಾಗ್ ರಿಪೇರಿ. ಅವನ ಸರಳು ಗಿಡ್ಡ.
ಎತ್ತರದವರು ಅಲ್ಲಿ ತಲೆ ತಗ್ಗಿಸಬೇಕು.
ಮರೆತವರಿಗೆ ಒಂದು ಟಣ್, ಆಮೇಲೆ ಅವನೇ ಕೊಡುವ ಐಸು.
ಇಷ್ಟೆಲ್ಲ ಜಗಳದ ಅಂಚುಗಳು ಒಂದರ ಮೇಲೊಂದು ಏರಿ ಕೂತು
ಸ್ಟೇಷನ್ ಮೆಟ್ಟಿಲಿನಿಂದ ರಿಕ್ಷಾ ಸಾಲಿನವರೆಗೆ
ಛತ್ರಿ ಬಿಚ್ಚದೆ ನಡೆಯಬಹುದಿತ್ತು.
ರಾತ್ರಿ ಪಾಳಿಯ ನರ್ಸುಗಳು, ಟ್ಯೂಷನ್ನಿನ ಮಕ್ಕಳು,
ಬೊಂಬಿಲು ಮೀನಿನ ಬುಟ್ಟಿ, ಒಮ್ಮೆ ಒಂದು ಹೆಣವೂ.
ಇದನ್ನು ಯಾರೂ ಯೋಜಿಸಿರಲಿಲ್ಲ.

ಜುಲೈಯಲ್ಲಿ ನೋಟಿಸು. ರಸ್ತೆ ಅಗಲ ಆಗಬೇಕು,
ಮುಂಚಾಚಿದ್ದೆಲ್ಲ ನಲವತ್ತೆಂಟು ಗಂಟೆಯೊಳಗೆ ಒಳಕ್ಕೆ.
ನಾನು ಓದಿದ್ದು ಅಕ್ಷರವನ್ನಲ್ಲ, ಮೊಹರನ್ನು.
ದುಂಡನೆಯ ಅಂಚು, ಬಲಗಡೆ ಕೂದಲೆಳೆಯಷ್ಟು ಬಿರುಕು.
ನನ್ನ ಚೂರಿ ಜಾರಿದ ಗುರುತು.
ಎಪ್ಪತ್ತು ರೂಪಾಯಿ ತಗೊಂಡಿದ್ದೆ,
ಶಾಯಿಪ್ಯಾಡು ಪುಕ್ಕಟೆ ಕೊಟ್ಟಿದ್ದೆ.

ಲಾರಿ ಬಂದ ದಿನ ಮಳೆ ಮೂರು ದಿನದ್ದು.
ಒಣಗುವತನಕ ಕಾಯ್ರಿ ಎಂದರೆ ಹುಡುಗ ನಕ್ಕ,
ಕೆಟ್ಟವನಲ್ಲ, ಅವನ ಬೂಟೂ ತುಂಬಿತ್ತು.
ಹಿಡಿಕೆ ತಿರುವಿದೆ. ಕಬ್ಬಿಣದ ಕೈ ನನ್ನ ಕಡೆ ಮಡಿಚಿತು.
ಬಟ್ಟೆ ಸುತ್ತುತ್ತ ಸುತ್ತುತ್ತ ನೀರು ಮೊಣಕೈಗೆ, ರವಿಕೆಗೆ, ಸೊಂಟಕ್ಕೆ.
ಮಾಮಾನಿಗೆ ಫೋನು ಮಾಡಲಿಲ್ಲ. ಏನಂತ ಹೇಳಲಿ.

ಅಕ್ಟೋಬರದಲ್ಲಿ ಚಾಳದ ತಾರಸಿಯ ಮೇಲೆ ಬಿಚ್ಚಿದೆ.
ಕಪ್ಪು ಕಲೆ, ಮಡಿಕೆ ಮಡಿಕೆಗೂ ಅದೇ ಕಲೆ,
ಮೊಹರು ಒತ್ತಿದ ಹಾಗೆ ತಪ್ಪದೆ.
ಮೆತ್ತನೆಯ ಬ್ರಷ್ಷು, ಉಗುರುಬೆಚ್ಚಗಿನ ನೀರು.
ಹೋಗುವುದಿಲ್ಲ. ನಾಳೆ ಮತ್ತೆ.

ಕೆಳಗೆ ಬಿಸಿಲು ನೇರ ಕೌಂಟರಿಗೆ ಬರುತ್ತದೆ,
ಫೋಟೊಗಳ ಮುಖ ಬಿಳಿಚುತ್ತವೆ.
ಕುಂಞಾಲಿಯ ಸರಳು ಗುಜರಿಗೆ ಹೋಗಿ ಎಷ್ಟೋ ದಿನ.
ಅವನ ಅಂಗಡಿ ಮುಂದೆ ಬಂದಾಗ
ಎತ್ತರದವರು ಇನ್ನೂ ತಲೆ ತಗ್ಗಿಸುತ್ತಾರೆ.